ಅಜ್ಜನ 200 ಎಂಎಂ ಲೆನ್ಸ್, ನಿಮ್ಮ ಡಿಜಿಟಲ್ ಕ್ಯಾಮೆರಾ ಮತ್ತು ಎರಡು ಮಿಲಿಮೀಟರ್‌ನ ಲೆಕ್ಕ

ಪ್ರಶ್ನೆ: ಅಜ್ಜನ ಪೆಟ್ಟಿಗೆಯಲ್ಲಿ ಸೂಪರ್ ಟಕುಮಾರ್ 200 ಎಂಎಂ ಎಫ್/4 ಲೆನ್ಸ್ ಸಿಕ್ಕಿದೆ. ಹಿಂದೆ ಕ್ಯಾಮೆರಾಗೆ ಕೂರಿಸುವ ಭಾಗ (ಮೌಂಟ್) ತಿರುಪಿನದು. ನನ್ನದು ನಿಕಾನ್ ಡಿ5600, ತಮ್ಮನದು ಸೋನಿ ಎ6400. ಕೊಕ್ಕರೆ ಬೆಳ್ಳೂರಿಗೆ ಹೋದಾಗ ಹಕ್ಕಿಗಳ ಫೋಟೊಗೆ ಇದನ್ನು ಬಳಸಬಹುದೇ? ನಿಕಾನ್‌ಗೆ ಗಾಜಿರುವ ಅಡಾಪ್ಟರ್ ಬೇಕೇಬೇಕು, ಇಲ್ಲದಿದ್ದರೆ ದೂರದ್ದು ಫೋಕಸ್ ಆಗುವುದೇ ಇಲ್ಲ ಎಂದು ಅಂಗಡಿಯವರು ಹೇಳಿದರು. ಹೊಸ ಟೆಲಿ ಲೆನ್ಸ್ ಕೊಳ್ಳುವಷ್ಟು ದುಡ್ಡಿಲ್ಲ.

ಉತ್ತರ: ಧಾರಾಳವಾಗಿ ಬಳಸಿ. ತಮ್ಮನ ಸೋನಿಯಲ್ಲಿ ಯಾವ ತಕರಾರೂ ಇಲ್ಲ. ನಿಮ್ಮ ನಿಕಾನ್‌ನಲ್ಲಿ ಸುಮಾರು 20 ಮೀಟರ್ ಒಳಗೆ ಕೂತ ಹಕ್ಕಿಗೆ ಆಗುತ್ತದೆ. ಗಾಜಿರುವ ಅಡಾಪ್ಟರ್ ಮಾತ್ರ ಬೇಡ. ಅಂಗಡಿಯವರ ಮಾತು 50 ಎಂಎಂ ಲೆನ್ಸಿನ ಮಟ್ಟಿಗೆ ಪೂರ್ತಿ ನಿಜ, 200 ಎಂಎಂ ಲೆನ್ಸಿಗೆ ಅರ್ಧ ಮಾತ್ರ. ಹಳೆಯ ಲೆನ್ಸ್ ಎಂದರೆ ಗಾಜು ಹಳೆಯದು ಎಂದು ಎಲ್ಲರೂ ಹೆದರುತ್ತಾರೆ. ಕೆಲಸ ಕೆಡಿಸುವುದು ಗಾಜಲ್ಲ, ಲೆನ್ಸಿಗೂ ಸೆನ್ಸರ್‌ಗೂ ನಡುವಿನ ಒಂದೆರಡು ಮಿಲಿಮೀಟರ್.

ನಿಮ್ಮ ಲೆನ್ಸಿನ ತಿರುಪಿಗೆ ಎಂ42 ಎಂದು ಹೆಸರು. 42 ಮಿ.ಮೀ. ವ್ಯಾಸ, ಒಂದು ಸುತ್ತಿಗೆ 1 ಮಿ.ಮೀ. ಮುಂದೆ ಹೋಗುವ ಮರೆ (ತಿರುಪಿನ ಸುರುಳಿ ಗೀರು). 1949ರಲ್ಲಿ ಪೂರ್ವ ಜರ್ಮನಿಯ ಕಾಂಟ್ಯಾಕ್ಸ್ ಎಸ್ ಕ್ಯಾಮೆರಾದೊಂದಿಗೆ ಬಂದ ಈ ಮೌಂಟನ್ನು, ನಿಮ್ಮ ಟಕುಮಾರ್ ಮಾಡಿದ ಪೆಂಟಾಕ್ಸ್ ಕಂಪನಿ 1975ರಲ್ಲಿ ತನ್ನ ಕೆ ಮೌಂಟ್ ತರುವವರೆಗೂ ಬಳಸಿತು. ಜೆನಿಟ್, ಪ್ರಾಕ್ಟಿಕಾ ಕ್ಯಾಮೆರಾಗಳದ್ದೂ ಇದೇ ತಿರುಪು. ಹಾಗಾಗಿ ಅಡಾಪ್ಟರ್ ಸುಲಭವಾಗಿ, ಅಗ್ಗವಾಗಿ ಸಿಗುತ್ತದೆ. ಒಂದು ಎಚ್ಚರಿಕೆ ಇದೆ: ಟಿ2 ಎಂಬ ಇನ್ನೊಂದು ತಿರುಪೂ 42 ಮಿ.ಮೀ. ವ್ಯಾಸದ್ದೇ, ಆದರೆ ಅದರ ಮರೆ 0.75 ಮಿ.ಮೀ. ಎಂ42 ಲೆನ್ಸನ್ನು ಟಿ2 ಅಡಾಪ್ಟರಿಗೆ ತಿರುಗಿಸಿದರೆ ಒಂದು ಸುತ್ತು ಸಲೀಸಾಗಿ ಹೋಗಿ ಬಿಗಿಯುತ್ತದೆ. ಅಲ್ಲಿಗೇ ನಿಲ್ಲಿಸಿ ಹಿಂದಕ್ಕೆ ಬಿಚ್ಚಿ. ‘ಇನ್ನೂ ಸ್ವಲ್ಪ’ ಎಂದು ಒತ್ತಿದರೆ ಎರಡರ ಮರೆಯೂ ಹಾಳು.

ಆ ಎರಡು ಮಿಲಿಮೀಟರ್

ಪ್ರತಿ ಮೌಂಟಿಗೂ ಲೋಹದ ಅಂಚಿನಿಂದ ಸೆನ್ಸರ್‌ವರೆಗೆ ಒಂದು ನಿಗದಿತ ದೂರವಿದೆ. ಎಂ42ಕ್ಕೆ ಅದು 45.46 ಮಿ.ಮೀ. ಕ್ಯಾನನ್ ಡಿಎಸ್‌ಎಲ್‌ಆರ್‌ಗಳ ಇಎಫ್ ಮೌಂಟಿಗೆ 44, ನಿಮ್ಮ ನಿಕಾನಿನ ಎಫ್ ಮೌಂಟಿಗೆ 46.5, ತಮ್ಮನ ಸೋನಿಯ ಇ ಮೌಂಟಿಗೆ ಬರೀ 18. ಲೆನ್ಸ್ ಬಯಸುವ ದೂರಕ್ಕಿಂತ ಕ್ಯಾಮೆರಾದ ದೂರ ಕಡಿಮೆಯಿದ್ದರೆ ಉಳಿದ ಜಾಗವನ್ನು ಅಡಾಪ್ಟರ್ ತುಂಬುತ್ತದೆ. ಸೋನಿಗೆ 27.46 ಮಿ.ಮೀ. ಉದ್ದದ ಟೊಳ್ಳು ಕೊಳವೆ ಸಾಕು, ಕ್ಯಾನನ್ ಇಎಫ್‌ಗೆ ಒಂದೂವರೆ ಮಿ.ಮೀ. ದಪ್ಪದ ಬಳೆ. ನಿಕಾನ್‌ನಲ್ಲಿ ಮಾತ್ರ ಲೆಕ್ಕ ಉಲ್ಟಾ. ಏನೂ ಸೇರಿಸದಿದ್ದರೂ ಲೆನ್ಸ್ ಸೆನ್ಸರಿನಿಂದ 1.04 ಮಿ.ಮೀ. ಹೆಚ್ಚು ದೂರ ಕೂತಿರುತ್ತದೆ. ಅಡಾಪ್ಟರಿನ ಅಂಚಿನ ದಪ್ಪ ಇನ್ನೊಂದು ಮಿ.ಮೀ. ಎಂದುಕೊಂಡರೆ ಒಟ್ಟು ಎರಡು ಮಿ.ಮೀ. ಮುಂದಕ್ಕೆ.

ಹೀಗೆ ಮುಂದೆ ಕೂತ ಲೆನ್ಸ್ ಎಷ್ಟು ದೂರದವರೆಗೆ ಫೋಕಸ್ ಮಾಡಬಲ್ಲದು? ಫೋಕಲ್ ಲೆಂತನ್ನು (50, 200 ಎಂಬ ಲೆನ್ಸಿನ ಮಿ.ಮೀ. ಅಂಕಿ) ಅದರಿಂದಲೇ ಗುಣಿಸಿ, ಹೆಚ್ಚುವರಿ ಮಿಲಿಮೀಟರ್‌ನಿಂದ ಭಾಗಿಸಿ. 50 ಎಂಎಂ ಲೆನ್ಸಿಗೆ 2500 ಭಾಗಿಸು 2, ಅಂದರೆ 1250 ಮಿ.ಮೀ. ಒಂದೂಕಾಲು ಮೀಟರ್ ಆಚೆಗೆ ಎಲ್ಲವೂ ಮಂಜು. ಅಂಗಡಿಯವರ ಅನುಭವ ಇದೇ. 135 ಎಂಎಂಗೆ ಒಂಬತ್ತು ಮೀಟರ್ ಬರುತ್ತದೆ. ನಿಮ್ಮ 200 ಎಂಎಂಗೆ 40,000 ಭಾಗಿಸು 2, ಅಂದರೆ 20 ಮೀಟರ್! ಅಪರ್ಚರನ್ನು, ಅಂದರೆ ಬೆಳಕು ಬರುವ ಕಂಡಿಯನ್ನು, ಎಫ್/8ರಲ್ಲಿಟ್ಟರೆ (ಎಫ್ ಅಂಕಿ ಹೆಚ್ಚಿದಷ್ಟೂ ಕಂಡಿ ಚಿಕ್ಕದು) ಫೋಕಸಿನ ಆಳ, ಅಂದರೆ ಸ್ಪಷ್ಟವಾಗಿ ಕಾಣುವ ಹಿಂದುಮುಂದಿನ ಜಾಗ, ಇದನ್ನು ಇನ್ನೊಂದೂವರೆ ಮೀಟರ್ ಹಿಂದಕ್ಕೆ ಒಯ್ಯುತ್ತದೆ. ಅಷ್ಟರೊಳಗಿನ ಕೊಂಬೆಯ ಮೇಲೆ ಕೂತ ಹಕ್ಕಿಗೆ ಇದು ಸಾಕು. ಹಾರುವ ಕೊಕ್ಕರೆಗೆ, ಕೆರೆಯ ಆಚೆ ದಡಕ್ಕೆ, ಬೆಟ್ಟಕ್ಕೆ, ಚಂದ್ರನಿಗೆ ಸಾಲದು. ಅಡಾಪ್ಟರ್ ಕೊಂಡ ದಿನವೇ ರಸ್ತೆಗೆ ಹೋಗಿ, ಫೋಕಸ್ ರಿಂಗನ್ನು ಇನ್ಫಿನಿಟಿ (ಅತಿ ದೂರ) ಕಡೆಗೆ ಪೂರ್ತಿ ತಿರುಗಿಸಿ, ಯಾವ ಕಂಬ ಸ್ಪಷ್ಟವಾಗಿ ಕಾಣುತ್ತದೆಂದು ನೋಡಿ, ಅಲ್ಲಿಯವರೆಗೆ ಹೆಜ್ಜೆ ಅಳೆಯಿರಿ. ಅದೇ ನಿಮ್ಮ ಜೋಡಿಯ ನಿಜವಾದ ಮಿತಿ. ಅಡಾಪ್ಟರಿನ ದಪ್ಪ ಅರ್ಧ ಮಿ.ಮೀ. ಆಚೀಚೆಯಾದರೂ ಈ ಮಿತಿ ನಾಲ್ಕರಿಂದ ಆರೇಳು ಮೀಟರ್ ಬದಲಾಗುತ್ತದೆ.

ಗಾಜಿರುವ ಅಡಾಪ್ಟರಿನಲ್ಲಿ ಇರುವುದು ಚಿಕ್ಕದೊಂದು ನಿಮ್ನ ಮಸೂರ. ಬಿಂಬವನ್ನು ಹಿಂದಕ್ಕೆ ತಳ್ಳಿ ಇನ್ಫಿನಿಟಿಯನ್ನು ಮರಳಿಸುತ್ತದೆ, ನಿಜ. ಆದರೆ ಅದು ಅಗ್ಗದ ಟೆಲಿಕನ್ವರ್ಟರ್‌ನಂತೆಯೂ ಕೆಲಸ ಮಾಡುತ್ತದೆ: ಬಿಂಬ ತುಸು ಹಿಗ್ಗುತ್ತದೆ, ಬೆಳಕು ಅಷ್ಟರಮಟ್ಟಿಗೆ ತಗ್ಗುತ್ತದೆ, ಎಫ್/4ರಲ್ಲಿ ಇಡೀ ಚಿತ್ರದ ಮೇಲೆ ಹಾಲಿನ ಪೊರೆ ಕಟ್ಟಿದಂತಾಗುತ್ತದೆ. ಒಳ್ಳೆಯ ಐದು ಗಾಜುಗಳ ಹಿಂದೆ ಒಂದು ಕೆಟ್ಟ ಗಾಜು ಕೂರಿಸಿದ ಹಾಗೆ. ಈಗಾಗಲೇ ಕೊಂಡುಬಿಟ್ಟಿದ್ದರೆ ಎಸೆಯಬೇಡಿ. ಹೆಚ್ಚಿನವುಗಳಲ್ಲಿ ಆ ಗಾಜು ತಿರುಗಿಸಿದರೆ ಬಿಚ್ಚಿಬರುತ್ತದೆ. ಬಿಚ್ಚಿದ ಮೇಲೆ ಉಳಿದ ಬಳೆ ಮೇಲಿನ ಲೆಕ್ಕಕ್ಕೇ ಬರುತ್ತದೆ.

ಸೋನಿಯ ಅಡಾಪ್ಟರ್ ಬಗ್ಗೆ ಹೇಳುವುದು ಕಡಿಮೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದಾಗ ಕ್ಯಾಮೆರಾ ಮೌಂಟಿನಲ್ಲಿ ಲೊಡಲೊಡ ಎನ್ನಬಾರದು. ಒಳಮೈ ಮಿರುಗಬಾರದು. ಮಿರುಗಿದರೆ ಬಿಸಿಲಿನಲ್ಲಿ ಚಿತ್ರದ ನಡುವೆ ಬಿಳಿಚು ಕಲೆ ಮೂಡುತ್ತದೆ, ಮಂಕು ಕಪ್ಪು ಬಣ್ಣ ಬಳಿದರೆ ಅಥವಾ ಕಪ್ಪು ವೆಲ್ವೆಟ್ ಕಾಗದ ಅಂಟಿಸಿದರೆ ಹೋಗುತ್ತದೆ. ಅಡಾಪ್ಟರ್ ಮಾಡುವವರು ಅಳತೆಯನ್ನು ಬೇಕೆಂದೇ ಕೂದಲೆಳೆಯಷ್ಟು ಕಡಿಮೆ ಇಡುವುದುಂಟು. ಆಗ ಲೆನ್ಸ್ ಇನ್ಫಿನಿಟಿಯನ್ನೂ ದಾಟಿ ತಿರುಗುತ್ತದೆ. ಆದ್ದರಿಂದ ರಿಂಗನ್ನು ಕೊನೆಗೆ ತಿರುಗಿಸಿಟ್ಟು ದೂರದ ಹಕ್ಕಿ ಸ್ಪಷ್ಟವಾಗಿದೆ ಎಂದು ನಂಬಬೇಡಿ, ಪರದೆಯಲ್ಲಿ ನೋಡಿಯೇ ನಿಲ್ಲಿಸಿ. ಲೆನ್ಸ್ ಪೂರ್ತಿ ಬಿಗಿದಾಗ ದೂರದ ಅಂಕಿಗಳು ಪಕ್ಕಕ್ಕೋ ಕೆಳಕ್ಕೋ ತಿರುಗಿ ನಿಂತರೆ ಗಾಬರಿಯಾಗುವುದು ಬೇಡ. ಅಡಾಪ್ಟರಿನ ಬದಿಯಲ್ಲಿ ಮೂರು ಪುಟ್ಟ ಸ್ಕ್ರೂಗಳಿದ್ದರೆ ಸಡಿಲಿಸಿ ಒಳಬಳೆಯನ್ನು ತಿರುಗಿಸಿಕೊಳ್ಳಬಹುದು.

ಹಾಕುವ ಮೊದಲು ಲೆನ್ಸನ್ನು ನೋಡಿ

ಅಜ್ಜನ ಪೆಟ್ಟಿಗೆಯಲ್ಲಿ ಎಷ್ಟು ಮಳೆಗಾಲ ಕಳೆದಿದೆಯೋ. ಅಪರ್ಚರನ್ನು ಪೂರ್ತಿ ತೆರೆದು, ಹಿಂಬದಿಯಿಂದ ಟಾರ್ಚ್ ಬೆಳಕನ್ನು ತುಸು ಓರೆಯಾಗಿ ಬಿಟ್ಟು, ಮುಂದಿನಿಂದ ನೋಡಿ. ಜೇಡರ ಬಲೆಯಂತೆ ಕವಲೊಡೆದ ಎಳೆಗಳು ಕಂಡರೆ ಬೂಷ್ಟು. ಒಂದೇ ಸಮನಾದ ಮಂಜು ಕಂಡರೆ ಗ್ರೀಸಿನ ಆವಿ ಗಾಜಿನ ಮೇಲೆ ಕೂತಿದೆ. ಇದು ಬೂಷ್ಟಿಗಿಂತ ಕಣ್ಣಿಗೆ ಕಡಿಮೆ ಬಿದ್ದರೂ ಚಿತ್ರದ ಕಾಂಟ್ರಾಸ್ಟನ್ನು ಹೆಚ್ಚು ತಿನ್ನುತ್ತದೆ. ಧೂಳಿನ ನಾಲ್ಕು ಕಣ, ಮುಂದಿನ ಗಾಜಿನ ಮೇಲೊಂದು ಗೀರು ಇದ್ದರೆ ಲೆಕ್ಕಕ್ಕೇ ಇಡಬೇಡಿ. ಟೆಲಿ ಲೆನ್ಸಿನಲ್ಲಿ ಅವು ಚಿತ್ರದಲ್ಲಿ ಕಾಣುವುದಿಲ್ಲ. ಹಿಂದಿನ ಗಾಜಿನ ಗೀರು ಮಾತ್ರ ತೊಂದರೆ ಕೊಡಬಹುದು.

ಬೂಷ್ಟು ಅಂಚಿನಲ್ಲಿ ಚುಕ್ಕೆಯಷ್ಟಿದ್ದರೆ ಹಾಗೆಯೇ ಬಳಸಿ. ನಡುವೆ ಹಬ್ಬಿದ್ದರೆ ಲೆನ್ಸ್ ಬಿಚ್ಚಿ ಒರೆಸುವ ಮೆಕ್ಯಾನಿಕ್ ಬಳಿ ಕೊಡಿ. ಬಿಸಿಲಿಗೆ ಇಟ್ಟರೆ ಹೋಗುತ್ತದೆ ಎನ್ನುವವರಿದ್ದಾರೆ. ಬಿಸಿಲು ಬೆಳವಣಿಗೆಯನ್ನು ತಡೆದರೂ ಗಾಜಿನ ಲೇಪವನ್ನು ಅದು ಕೊರೆದು ಮಾಡಿದ ಗುರುತು ಹಾಗೇ ಉಳಿಯುತ್ತದೆ, ಜೊತೆಗೆ ಗ್ರೀಸ್ ಕರಗಿ ಅಪರ್ಚರ್ ಎಲೆಗಳಿಗೆ ಇಳಿಯುತ್ತದೆ. ಎಣ್ಣೆ ಕುಡಿದ ಎಲೆಗಳು ಈ ಕಾಲದ ಲೆನ್ಸುಗಳ ಸಾಮಾನ್ಯ ಕಾಯಿಲೆ. ಎಫ್/4ರಿಂದ ಎಫ್/22ರವರೆಗೆ ಹತ್ತು ಸಲ ತಿರುಗಿಸಿ ನೋಡಿ, ಎಲೆಗಳು ರಿಂಗಿನ ಜೊತೆಜೊತೆಗೇ ಮುಚ್ಚಿ ತೆರೆಯಬೇಕು.

ಇನ್ನು ಲೆನ್ಸಿನ ಮೈಮೇಲೆ ‘ಆಟೊ’, ‘ಮ್ಯಾನ್’ ಎಂದು ಬರೆದ ಪುಟ್ಟ ಗುಂಡಿ ಇದೆ. ಹೊಸಬರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಆಟೊದಲ್ಲಿದ್ದರೆ ಹಿಂದಿನ ಪುಟ್ಟ ಕಡ್ಡಿಯನ್ನು ಹಳೆಯ ಕ್ಯಾಮೆರಾ ಒತ್ತುವವರೆಗೂ ಅಪರ್ಚರ್ ತೆರೆದೇ ಇರುತ್ತದೆ. ನಿಮ್ಮ ಕ್ಯಾಮೆರಾದಲ್ಲಿ ಅದನ್ನು ಒತ್ತುವವರು ಯಾರೂ ಇಲ್ಲ. ರಿಂಗನ್ನು ಎಫ್/8ಕ್ಕೆ ತಿರುಗಿಸಿದರೂ ತೆಗೆಯುವುದು ಎಫ್/4ರಲ್ಲೇ. ಗುಂಡಿಯನ್ನು ‘ಮ್ಯಾನ್’ಗೆ ತಳ್ಳಿ ಬಿಡಿ, ಮುಗಿಯಿತು. ಈ ಗುಂಡಿಯೇ ಇಲ್ಲದ ಎಂ42 ಲೆನ್ಸುಗಳಿಗೆ ಕಡ್ಡಿಯನ್ನು ಸದಾ ಒತ್ತಿ ಹಿಡಿಯುವ ಒಳಅಂಚಿನ ಅಡಾಪ್ಟರ್ ಬೇಕು.

ಎಕ್ಸ್‌ಪೋಷರ್

ಸೋನಿಯಲ್ಲಿ ಮೊದಲು ಮೆನುವಿನಲ್ಲಿ ಲೆನ್ಸ್ ಇಲ್ಲದೆಯೂ ಶಟರ್ ಬಿಡುವ ಆಯ್ಕೆಯನ್ನು ಆನ್ ಮಾಡಿ. ಇಲ್ಲದಿದ್ದರೆ ಕ್ಯಾಮೆರಾ ಲೆನ್ಸೇ ಇಲ್ಲವೆಂದು ಹಟ ಹಿಡಿಯುತ್ತದೆ. ಆಮೇಲೆ ಎಂ ಮೋಡ್ (ಎಲ್ಲವನ್ನೂ ಕೈಯಲ್ಲೇ ಹೊಂದಿಸುವುದು), ಶಟರ್ 1/1000 ಸೆಕೆಂಡ್, ಐಎಸ್‌ಒ (ಸೆನ್ಸರ್ ಬೆಳಕಿಗೆ ತೋರುವ ಸಂವೇದನೆ) ಆಟೊ. ಲೆನ್ಸಿನಿಂದ ಬಂದಷ್ಟು ಬೆಳಕನ್ನು ಕ್ಯಾಮೆರಾ ಅಳೆದು ಐಎಸ್‌ಒ ಹೊಂದಿಸುತ್ತದೆ.

ಡಿ5600ರಲ್ಲಿ ಈ ಸುಖವಿಲ್ಲ. ಚಿಪ್ ಇಲ್ಲದ ಲೆನ್ಸ್ ಹಾಕಿದರೆ ಅದು ಎಂ ಮೋಡ್ ಬಿಟ್ಟು ಬೇರೆಲ್ಲೂ ಶಟರ್ ಬಿಡುವುದಿಲ್ಲ, ಬೆಳಕನ್ನೂ ಅಳೆಯುವುದಿಲ್ಲ. ಹಳೆಯವರ ಲೆಕ್ಕ ಕೈಹಿಡಿಯುತ್ತದೆ: ತಿಳಿ ಬಿಸಿಲಿನಲ್ಲಿ ಎಫ್/16, ಶಟರ್ ಒಂದು ಭಾಗಿಸು ಐಎಸ್‌ಒ ಅಂಕಿಯಷ್ಟು ಸೆಕೆಂಡ್. ಅದರಂತೆ ಐಎಸ್‌ಒ 400ರಲ್ಲಿ ಎಫ್/16ಕ್ಕೆ 1/400, ನಾಲ್ಕು ಪಟ್ಟು ಬೆಳಕು ಬಿಡುವ ಎಫ್/8ಕ್ಕೆ 1/1600. ಮೋಡ ಮುಚ್ಚಿದ್ದರೆ ಐಎಸ್‌ಒ 800, ಎಫ್/5.6, 1/1600ರಿಂದ ಶುರುಮಾಡಿ. ಒಂದು ಫೋಟೊ ತೆಗೆದು ಹಿಸ್ಟೋಗ್ರಾಮ್ (ಚಿತ್ರದ ಬೆಳಕಿನ ಹಂಚಿಕೆಯ ನಕ್ಷೆ) ನೋಡಿ ತಿದ್ದಿಕೊಳ್ಳಿ. ಬೆಳಕು ಬದಲಾಗದಿದ್ದರೆ ಮತ್ತೆ ಮುಟ್ಟುವ ಕೆಲಸವಿಲ್ಲ. ಬೆಳ್ಳಕ್ಕಿ, ಬಣ್ಣದ ಕೊಕ್ಕರೆಯಂಥ ಬಿಳಿ ಮೈಯ ಹಕ್ಕಿಗೆ ಬಿಸಿಲಿನಲ್ಲಿ ಒಂದು ಸ್ಟಾಪ್ (ಅರ್ಧದಷ್ಟು ಬೆಳಕು) ಕಡಿಮೆ ಕೊಡಿ. ಸುಟ್ಟುಹೋದ ಬಿಳಿ ಗರಿಯನ್ನು ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಚಿತ್ರ) ಕೂಡ ಮರಳಿ ಕೊಡುವುದಿಲ್ಲ.

ಫೋಕಸ್

ಈ ಉತ್ತರದಲ್ಲಿ ಅಭ್ಯಾಸ ಬೇಡುವ ಭಾಗ ಇದೊಂದೇ. 200 ಎಂಎಂ, ಎಫ್/4, ಹಕ್ಕಿ 10 ಮೀಟರ್ ದೂರ ಎಂದರೆ ಫೋಕಸಿನ ಆಳ ಪುಸ್ತಕದ ಲೆಕ್ಕದಲ್ಲಿ 40 ಸೆಂ.ಮೀ., 5 ಮೀಟರ್‌ಗೆ ಬಂದರೆ 10 ಸೆಂ.ಮೀ. ಇದು ಪುಟ್ಟ ಪ್ರಿಂಟಿಗೆ ಹಾಕಿದ ಲೆಕ್ಕ. 24 ಮೆಗಾಪಿಕ್ಸೆಲ್ ಚಿತ್ರವನ್ನು ಪೂರ್ತಿ ಹಿಗ್ಗಿಸಿ ನೋಡುವವರಿಗೆ ಅದರ ಐದನೇ ಒಂದು ಭಾಗ ಉಳಿಯುತ್ತದೆ. 10 ಮೀಟರ್‌ನಲ್ಲಿ ಎಂಟು ಸೆಂಟಿಮೀಟರ್! ಕೊಕ್ಕಿಗೆ ಫೋಕಸ್ ಆದರೆ ಕಣ್ಣು ತಪ್ಪುತ್ತದೆ.

ಸೋನಿಯಲ್ಲಿ ಪರದೆಯ ಮೇಲೆ ಫೋಕಸ್ ಆದ ಕಡೆ ಮೂಡುವ, ಪೀಕಿಂಗ್ ಎಂಬ ಬಣ್ಣದ ಅಂಚು ದಾರಿ ತೋರಿಸುತ್ತದೆ, ಗುರಿ ಮುಟ್ಟಿಸುವುದಿಲ್ಲ. ಹುಲ್ಲು, ರೆಂಬೆ, ಗರಿ ಎಲ್ಲಕ್ಕೂ ಒಟ್ಟಿಗೇ ಬಣ್ಣ ಹಚ್ಚಿಬಿಡುತ್ತದೆ. ಚಿತ್ರ ಹಿಗ್ಗಿಸುವ ಕೆಲಸವನ್ನು ಹೆಬ್ಬೆರಳಿಗೆ ಸಿಗುವ ಒಂದು ಗುಂಡಿಗೆ ಕೊಡಿ. ಪೀಕಿಂಗಿನಿಂದ ಹತ್ತಿರ ಬನ್ನಿ, ಗುಂಡಿ ಒತ್ತಿ ಕಣ್ಣನ್ನು ಹಿಗ್ಗಿಸಿ, ರಿಂಗನ್ನು ಸ್ಪಷ್ಟತೆಯ ಆಚೆಗೆ ತುಸು ದಾಟಿಸಿ ಮತ್ತೆ ಹಿಂದಕ್ಕೆ ತನ್ನಿ. ದಾಟಿಸದಿದ್ದರೆ ಎಲ್ಲಿ ನಿಲ್ಲಿಸಬೇಕೆಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಫೋಕಸ್ ಮಾಡುವಾಗ ಎಫ್/4ರಲ್ಲಿಟ್ಟು ಆಮೇಲೆ ಎರಡು ಕ್ಲಿಕ್ ಮುಚ್ಚುವುದು ಇನ್ನೂ ಖಚಿತ.

ಡಿ5600ರಲ್ಲಿ ಪೀಕಿಂಗ್ ಇಲ್ಲ. ವ್ಯೂಫೈಂಡರಿನ ಎಡಮೂಲೆಯ ಹಸಿರು ಚುಕ್ಕೆ ಎಫ್/5.6 ಅಥವಾ ಅದಕ್ಕಿಂತ ಹೆಚ್ಚು ತೆರೆದ ಲೆನ್ಸಿಗೆ ಕೆಲಸ ಮಾಡುತ್ತದೆ, ಆದ್ದರಿಂದ ಎಫ್/4ರಲ್ಲಿ ಫೋಕಸ್ ಮಾಡುವಾಗ ನೆರವಾಗುತ್ತದೆ. ಚುಕ್ಕೆ ಹೊತ್ತಿಕೊಂಡೇ ಇರುವಷ್ಟು ದೂರ ರಿಂಗ್ ಸ್ವಲ್ಪ ತಿರುಗುತ್ತದೆ, ಅದರ ನಡುವೆ ನಿಲ್ಲಿಸಿ ಮೂರು ನಾಲ್ಕು ಫೋಟೊ ಒಟ್ಟಿಗೆ ತೆಗೆಯಿರಿ. ಟ್ರೈಪಾಡ್ ಇದ್ದರೆ ಲೈವ್ ವ್ಯೂನಲ್ಲಿ ಹಿಗ್ಗಿಸಿ ನೋಡುವುದೇ ಲೇಸು.

ಕೊಕ್ಕರೆ ಬೆಳ್ಳೂರಿನ ಅನುಕೂಲವೆಂದರೆ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಗೂಡು ಓಡಿಹೋಗುವುದಿಲ್ಲ! ಗೂಡಿನ ಅಂಚಿಗೆ ಮೊದಲೇ ಫೋಕಸ್ ಮಾಡಿ, ರಿಂಗನ್ನು ಮುಟ್ಟದೆ, ಹಕ್ಕಿ ಬಂದಿಳಿಯುವವರೆಗೆ ಕಾಯಿರಿ. ಆಟೊಫೋಕಸ್ ಇಲ್ಲದ ಲೆನ್ಸಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಹಾರುವ ಹಕ್ಕಿಯನ್ನು ರಿಂಗ್ ತಿರುಗಿಸುತ್ತ ಹಿಂಬಾಲಿಸುವುದು ಆಗದ ಮಾತಲ್ಲ, ಆದರೆ ಮೊದಲ ತಿಂಗಳು ಅದರ ಗೋಜಿಗೆ ಹೋಗಬೇಡಿ.

ಹಕ್ಕಿ ಎಷ್ಟು ದೊಡ್ಡದಾಗಿ ಬರುತ್ತದೆ

ನಿಮ್ಮಿಬ್ಬರ ಕ್ಯಾಮೆರಾಗಳ ಸೆನ್ಸರ್ ಚಿಕ್ಕದಾದ್ದರಿಂದ 200 ಎಂಎಂ ಲೆನ್ಸ್ ಫಿಲ್ಮ್ ಕಾಲದ 300 ಎಂಎಂನಷ್ಟು ಕಿರಿದಾದ ನೋಟ ಕೊಡುತ್ತದೆ. ಸುಮಾರು ಒಂದು ಮೀಟರ್ ಉದ್ದದ ಬಣ್ಣದ ಕೊಕ್ಕರೆ 20 ಮೀಟರ್ ದೂರದಲ್ಲಿದ್ದರೆ 23.5 ಮಿ.ಮೀ. ಅಗಲದ ಸೆನ್ಸರಿನ ಮೇಲೆ 10 ಮಿ.ಮೀ. ಬರುತ್ತದೆ, ಅಂದರೆ ಚೌಕಟ್ಟಿನ ಐದರಲ್ಲಿ ಎರಡು ಪಾಲು. ತುಂಬ ಚೆನ್ನಾಯಿತು. 17 ಸೆಂ.ಮೀ.ನ ಮಿಂಚುಳ್ಳಿ 10 ಮೀಟರ್‌ನಲ್ಲಿ ಮೂರೂವರೆ ಮಿ.ಮೀ., ಪಿಕ್ಸೆಲ್ ಲೆಕ್ಕದಲ್ಲಿ 900ರ ಆಸುಪಾಸು. ಕತ್ತರಿಸಿ ಮೊಬೈಲಿನಲ್ಲಿ ತೋರಿಸಲು ಸಾಕು, ಗೋಡೆಗೆ ಹಾಕಲು ಸಾಲದು. ಈ ಲೆನ್ಸ್ ದೊಡ್ಡ ಹಕ್ಕಿಗಳದ್ದು ಎಂದುಕೊಂಡೇ ಹೊರಡಿ. ಹತ್ತಿರಕ್ಕೆಂದರೆ ಎರಡೂವರೆ ಮೀಟರ್‌ವರೆಗೆ ಫೋಕಸ್ ಆಗುತ್ತದೆ. ನಿಕಾನ್‌ನಲ್ಲಿ ಹೆಚ್ಚುವರಿ ಎರಡು ಮಿಲಿಮೀಟರ್‌ನ ದೆಸೆಯಿಂದ ಇನ್ನೂ ಸ್ವಲ್ಪ ಹತ್ತಿರ. ಚಿಟ್ಟೆಗೆ ಅದೇ ಲಾಭ.

ಕೈ ಅಲುಗಾಟಕ್ಕೆ ಈ ಎರಡು ಕ್ಯಾಮೆರಾಗಳಲ್ಲೂ ಒಳಗೆ ಮದ್ದಿಲ್ಲ. ಕೈಯಲ್ಲಿ ಹಿಡಿದರೆ 1/500ಕ್ಕಿಂತ ಕೆಳಗೆ ಇಳಿಯಬೇಡಿ. ಎಡಗೈ ಲೆನ್ಸಿನ ಅಡಿಯಲ್ಲಿರಲಿ, ಕ್ಯಾಮೆರಾದ ಅಡಿಯಲ್ಲಲ್ಲ. ಅರ್ಧ ಕಿಲೋ ಮೀರಿದ ಲೆನ್ಸಿನ ಭಾರ ಅಡಾಪ್ಟರಿನ ಮೇಲೆ ಜೋತಾಡಬಾರದು. ಬಾಡಿಯಲ್ಲೇ ಸ್ಟೆಬಿಲೈಸೇಶನ್ ಇರುವ ಕ್ಯಾಮೆರಾ ಮುಂದೆಂದಾದರೂ ಕೊಂಡರೆ ಅದರ ಮೆನುವಿನಲ್ಲಿ ಫೋಕಲ್ ಲೆಂತ್ 200 ಎಂದೇ ತುಂಬಿಸಿ, 300 ಅಲ್ಲ.

ಎಫ್/4ರಲ್ಲಿ ಈ ಲೆನ್ಸ್ ಮೃದು, ಎಫ್/5.6ರಲ್ಲಿ ಚೆನ್ನ, ಎಫ್/8ರಲ್ಲಿ ಅದರ ಗರಿಷ್ಠ. ಬಿಳಿ ರೆಕ್ಕೆಯ ಹಿಂದೆ ಆಕಾಶವೋ ಕಪ್ಪು ಕೊಂಬೆಯೋ ಬಂದಾಗ ಅಂಚಿನಲ್ಲಿ ನೇರಳೆ, ಹಸಿರು ಗೆರೆ ಮೂಡುತ್ತದೆ. ಅಪರ್ಚರ್ ಮುಚ್ಚಿದಂತೆ ಸ್ವಲ್ಪ ತಗ್ಗುತ್ತದೆ, ಉಳಿದದ್ದನ್ನು ರಾ ಫೈಲ್ ತಿದ್ದುವಾಗ ಡಿಫ್ರಿಂಜ್ ಎಂಬ ಆಯ್ಕೆಯಲ್ಲಿ ತೆಗೆಯಿರಿ. ಸೂಪರ್ ಟಕುಮಾರ್‌ನ ಗಾಜಿಗೆ ಒಂದೇ ಪದರದ ಲೇಪ, ಬಹುಪದರದ್ದು 1971ರಿಂದೀಚಿನ ಟಕುಮಾರ್‌ಗಳಲ್ಲಿ ಬಂತು. ಹಾಗಾಗಿ ಪಕ್ಕದ ಬಿಸಿಲು ಗಾಜಿಗೆ ಬಿದ್ದರೆ ಚಿತ್ರ ಬಿಳಿಚಿಕೊಳ್ಳುತ್ತದೆ. ಮುಂದಿನ ತಿರುಪು 58 ಮಿ.ಮೀ.; ಅದಕ್ಕೆ ಲೋಹದ ಉದ್ದನೆಯ ಹುಡ್ ಹಾಕಿ. ಇಲ್ಲವೇ ಕಪ್ಪು ಚಾರ್ಟ್ ಕಾಗದವನ್ನು ಆರು ಸೆಂಟಿಮೀಟರ್ ಉದ್ದದ ಕೊಳವೆ ಮಾಡಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ನೋಡಲು ಚೆಂದವಿಲ್ಲ, ಕೆಲಸ ಅಷ್ಟೇ ಮಾಡುತ್ತದೆ. ಯುವಿ ಫಿಲ್ಟರ್ ತೆಗೆದಿಡಿ.

ಮನೆಗೆ ಬಂದ ಮೇಲೆ ಚರ್ಮದ ಹಳೆಯ ಕೇಸಿಗೆ ಮಾತ್ರ ಮರಳಿ ಹಾಕಬೇಡಿ, ಬೂಷ್ಟಿಗೆ ಅದೇ ತವರು. ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಳಗೆ ತೇವಾಂಶ ತೋರಿಸುವ ಪುಟ್ಟ ಮೀಟರ್ ಇರಲಿ. ತೇವಾಂಶ 40ರಿಂದ 50 ಪ್ರತಿಶತ ನಿಂತರೆ ಸರಿ. ಜೆಲ್ ಬಣ್ಣ ಬದಲಾದಾಗ ಬಿಸಿಮಾಡಿ ಒಣಗಿಸಿ ಮತ್ತೆ ಬಳಸಿ. ಮಲೆನಾಡು, ಕರಾವಳಿಯವರಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಮೀಟರ್ ನೋಡಿ.

200 ಸಾಲದು ಎಂದು ಒಂದು ದಿನ ಅನ್ನಿಸಿಯೇ ಅನ್ನಿಸುತ್ತದೆ. ಆಗ ಹಳೆಯ 2ಎಕ್ಸ್ ಟೆಲಿಕನ್ವರ್ಟರ್ ಕೈಗೆ ಬಂದರೆ ಕೊಳ್ಳಬೇಡಿ. ಎರಡು ಸ್ಟಾಪ್ ಬೆಳಕು ಹೋಗಿ ಎಫ್/8 ಆಗುತ್ತದೆ, ಹಸಿರು ಚುಕ್ಕೆಯನ್ನು ನಂಬುವಂತಿಲ್ಲ, ಲೆನ್ಸಿನ ದೋಷವೂ ದುಪ್ಪಟ್ಟು ಹಿಗ್ಗುತ್ತದೆ. 500 ಎಂಎಂ ಎಫ್/8 ಕನ್ನಡಿ ಲೆನ್ಸ್ ಹಗುರ, ಅಗ್ಗ, ಆದರೆ ಅಪರ್ಚರ್ ಬದಲಿಸುವಂತಿಲ್ಲ, ಹಿನ್ನೆಲೆಯ ಎಲೆಯೆಲೆಯ ಹೊಳಪೂ ಉದ್ದಿನವಡೆಯಾಗಿ ಬರುತ್ತದೆ. ತಮ್ಮನ ಸೋನಿ ಕೈಗೆ ಸಿಗುವುದಾದರೆ ಕ್ಯಾನನ್ ಎಫ್‌ಡಿ 300 ಎಂಎಂ ಎಫ್/4 ಹುಡುಕಿ. ಎಫ್‌ಡಿ ಮೌಂಟಿನ ದೂರ 42 ಮಿ.ಮೀ. ಮಾತ್ರ, ಕ್ಯಾನನ್‌ನದೇ ಇಎಫ್ ಡಿಎಸ್‌ಎಲ್‌ಆರ್‌ಗೂ ಅದು ಗಾಜಿಲ್ಲದೆ ಕೂರುವುದಿಲ್ಲ. ಡಿಎಸ್‌ಎಲ್‌ಆರ್ ಕಾಲದಲ್ಲಿ ಅದಕ್ಕೆ ಬೇಡಿಕೆ ಕಡಿಮೆಯಾದದ್ದು ಅದಕ್ಕೇ. ಅದರ ಅಡಾಪ್ಟರಿನ ಮೇಲೆ ಲಾಕ್, ಓಪನ್ ಎಂಬ ರಿಂಗ್ ಇರುತ್ತದೆ. ಲೆನ್ಸ್ ಕೂರಿಸಿದ ಮೇಲೆ ಅದನ್ನು ಲಾಕ್‌ಗೆ ತಿರುಗಿಸದಿದ್ದರೆ ಅಪರ್ಚರ್ ಮುಚ್ಚುವುದೇ ಇಲ್ಲ. ನಿಕಾನ್‌ಗೇ ಬೇಕೆಂದರೆ ನಿಕ್ಕೋರ್ ಎ.ಐ. 200 ಎಂಎಂ ಎಫ್/4 ನೋಡಿ: ಅಡಾಪ್ಟರ್ ಬೇಡ, ಇನ್ಫಿನಿಟಿ ಸಿಗುತ್ತದೆ, ಎರಡು ಮೀಟರ್ ಹತ್ತಿರಕ್ಕೂ ಬರುತ್ತದೆ. ಬೆಳಕು ಅಳೆಯುವ ಕೆಲಸ ಮಾತ್ರ ಡಿ5600ರಲ್ಲಿ ಆಗಲೂ ನಿಮ್ಮದೇ.